ಏರಿ ಒಡೆದಾಗ ಕೇಳುವ ಕೂಗು

2020ರ ರೈಲು ಅಪಘಾತದಲ್ಲಿ ಎರಡೂ ಕೈ ಕಳೆದುಕೊಂಡಿದ್ದ 45 ವರ್ಷದ ಪೇಂಟರ್ ಒಬ್ಬರಿಗೆ 2024ರ ಜನವರಿಯಲ್ಲಿ ದೆಹಲಿಯ ಸರ್ ಗಂಗಾರಾಮ್ ಆಸ್ಪತ್ರೆಯಲ್ಲಿ ದಾನಿಯೊಬ್ಬರ ಕೈಗಳನ್ನು ಜೋಡಿಸಿದರು. ಶಸ್ತ್ರಚಿಕಿತ್ಸೆ 12 ಗಂಟೆಗೂ ಮೀರಿ ನಡೆಯಿತು. ಅದನ್ನು ನೆನಪಿಸಿ ಓದುಗರೊಬ್ಬರು ಕೇಳಿದ್ದಾರೆ: ಹೊಲಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲವೇ? ಅಪ್ಪನ ಹೃದಯಕ್ಕೆ ಕೊಡುವ ಆಸ್ಪಿರಿನ್ ಅದಕ್ಕೂ ಸಾಕೇ?

ಹೆಪ್ಪುಗಟ್ಟುವ ಭಯವೇ ದೊಡ್ಡ ಭಯ. ಕೆರೆ ಏರಿ ಬಿರುಕು ಬಿಟ್ಟರೆ ಮೊದಲು ಕಂಡವರು ಕೂಗು ಹಾಕುತ್ತಾರೆ, ಊರೆಲ್ಲ ಮಣ್ಣಿನ ಮಂಕರಿ ಹೊತ್ತು ಓಡಿಬರುತ್ತದೆ. ರಕ್ತದಲ್ಲಿನ ಪ್ಲೇಟ್‌ಲೆಟ್‌ ಕಣಗಳೂ ಹಾಗೆಯೇ. ನಾಳದ ಒಳಪದರ ಹರಿದು ಕೊಲ್ಲಾಜೆನ್ ಬಯಲಾದ ಕಡೆ ಅಂಟಿಕೊಂಡು, ಥ್ರಾಂಬಾಕ್ಸೇನ್ ಎಂಬ ರಾಸಾಯನಿಕದಿಂದ ಉಳಿದವನ್ನು ಕೂಗುತ್ತವೆ. ವೈದ್ಯರು ಸೂಜಿ ಹಾಯಿಸಿದ್ದೋ ಗಾಯವೋ ಎಂದು ಅವು ವಿಚಾರಿಸುವುದಿಲ್ಲ. ದೊಡ್ಡ ನಾಳದಲ್ಲಾದರೆ ನಾಲ್ಕು ಮಂಕರಿ ಮಣ್ಣು ಲೆಕ್ಕಕ್ಕಿಲ್ಲ. ಒಂದು ಮಿಲಿಮೀಟರ್ ಆಸುಪಾಸಿನ ಬೆರಳ ನಾಳದಲ್ಲಿ ಅಷ್ಟಕ್ಕೇ ಕಾಲುವೆ ಮುಚ್ಚಿಹೋಗುತ್ತದೆ.

ಆಸ್ಪಿರಿನ್ ಆ ಕೂಗನ್ನು ಅಡಗಿಸುತ್ತದೆ. ಥ್ರಾಂಬಾಕ್ಸೇನ್ ತಯಾರಿಗೆ ಬೇಕಾದ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ, ಕೆಟ್ಟ ಕಿಣ್ವದ ಜಾಗಕ್ಕೆ ಹೊಸದನ್ನು ಮಾಡಿಕೊಳ್ಳಲಾರದು. ತನ್ನ ಎಂಟು-ಹತ್ತು ದಿನದ ಆಯುಸ್ಸಿಡೀ ಮೂಕ. ಹೆಪ್ಪು ತಡೆಯುವ ಇನ್ನೊಂದು ಔಷಧ ಕ್ಲೋಪಿಡೋಗ್ರೆಲ್‌ನ ದಾರಿ ಬೇರೆ. ಎಡಿಪಿ ಎಂಬ ಇನ್ನೊಂದು ಕೂಗಿಗೆ ಪ್ಲೇಟ್‌ಲೆಟ್‌ಗಳ ಕಿವಿಯನ್ನೇ ಮುಚ್ಚುತ್ತದೆ.

ಆಸ್ಪಿರಿನ್ ಹೆಪ್ಪು ತಡೆಯುತ್ತದೆಂದು ಮೊದಲು ಅನುಮಾನಿಸಿದವರಲ್ಲಿ ನನಗೆ ಅಚ್ಚುಮೆಚ್ಚು ಕ್ಯಾಲಿಫೋರ್ನಿಯಾದ ಸಾಮಾನ್ಯ ವೈದ್ಯ ಲಾರೆನ್ಸ್ ಕ್ರೇವನ್. ಟಾನ್ಸಿಲ್ ತೆಗೆಸಿಕೊಂಡವರು ನೋವಿಗೆಂದು ಆಸ್ಪಿರಿನ್ ಇದ್ದ ಗಮ್ ಅಗಿದಾಗ ಕೆಲವರಿಗೆ ರಕ್ತ ನಿಲ್ಲುತ್ತಿರಲಿಲ್ಲ. ಹಾಗಾದರೆ ಇದು ಹೃದಯಾಘಾತವನ್ನೂ ತಡೆಯಬಹುದಲ್ಲ ಎಂದು ಅವರು 1950ರಲ್ಲೇ ಬರೆದರು. ಹೆಚ್ಚಿನವರು ಕಿವಿಗೊಡಲಿಲ್ಲ. ಆಸ್ಪಿರಿನ್ ಹೇಗೆ ಕೆಲಸ ಮಾಡುತ್ತದೆಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1982ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೂ ಓದುಗರ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಸಾಲದು. ಸೂಕ್ಷ್ಮ ಶಸ್ತ್ರಚಿಕಿತ್ಸೆಯ ನಂತರ ಆಸ್ಪಿರಿನ್ ಮತ್ತು ಹೆಪ್ಪು ತಡೆಯುವ ಮತ್ತೊಂದು ಔಷಧ ಹೆಪಾರಿನ್‌ಗಳನ್ನು ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದರಲ್ಲಿ ಒಂದೊಂದು ತಂಡದ್ದು ಒಂದೊಂದು ಕ್ರಮ. ಗುಳಿಗೆಯಿಂದಲೇ ನಾಳ ಉಳಿಯುತ್ತದೆ ಎನ್ನುವಷ್ಟು ಗಟ್ಟಿ ಪುರಾವೆಯಿಲ್ಲ. ಔಷಧ ಹೆಚ್ಚಾದರೆ ಗಾಯದೊಳಗೆ ರಕ್ತ ತುಂಬಿ ನಾಳವನ್ನೇ ಅಮುಕಬಹುದು. ಕೂದಲಿಗಿಂತ ತೆಳ್ಳಗಿನ ದಾರ, ಸೂಕ್ಷ್ಮದರ್ಶಕದಡಿ ನಡುಗದ ಕೈ, ಜಜ್ಜಿದ ಭಾಗವನ್ನು ಕತ್ತರಿಸಿ ಒಳ್ಳೆಯ ಅಂಚಿಗೇ ಹೊಲಿಯುವ ಹಟ ಇವೇ ನಾಳವನ್ನು ಕಾಯುವುದು.

ಆಮೇಲೆ ಮೊದಲ ಮೂರು ದಿನ ಕಾವಲು. ನರ್ಸ್ ಬಂದು ಬೆರಳ ತುದಿ ಒತ್ತಿ ಬಿಡುತ್ತಾರೆ, ಬಣ್ಣ ಮರಳುವುದನ್ನು ಎಣಿಸುತ್ತಾರೆ. ಬಿಳಿಚಿದರೆ ಧಮನಿ ಕಟ್ಟಿದೆ, ನೀಲಿಯಾದರೆ ಅಭಿಧಮನಿ. ಯಾವುದಾದರೂ ಸರಿ, ನಡುರಾತ್ರಿಯಲ್ಲೇ ಆಪರೇಷನ್ ಥಿಯೇಟರಿನ ದೀಪ ಹತ್ತುತ್ತದೆ.