ತಪ್ಪಿದ ಭತ್ಯೆ, ತಿದ್ದಿದ ಕಾನೂನು

2011ರ ಕೊನೆಯಲ್ಲಿ ಇಂಗ್ಲೆಂಡಿನ ನಿರುದ್ಯೋಗಿ ಲಾರಿ ಚಾಲಕರೊಬ್ಬರಿಗೆ ಆದೇಶವೊಂದು ಬಂತು. ಹಳೆಯ ಪೀಠೋಪಕರಣ ಶುಚಿಮಾಡುವ ಕೆಲಸಕ್ಕೆ ವಾರಕ್ಕೆ 30 ಗಂಟೆಯಂತೆ ಆರು ತಿಂಗಳು ಹೋಗಬೇಕು, ಸಂಬಳವಿಲ್ಲ. ಅವರು ಒಪ್ಪಲಿಲ್ಲ. ಆರು ತಿಂಗಳ ನಿರುದ್ಯೋಗ ಭತ್ಯೆ ಕೈತಪ್ಪಿತು. ಅದೇ ಕಾಲಕ್ಕೆ, ವಸ್ತುಸಂಗ್ರಹಾಲಯವೊಂದರಲ್ಲಿ ಸ್ವಂತ ಇಚ್ಛೆಯಿಂದ ದುಡಿಯುತ್ತಿದ್ದ ಭೂವಿಜ್ಞಾನ ಪದವೀಧರೆಯೊಬ್ಬರನ್ನು ಅಗ್ಗದ ಸಾಮಾನಿನ ಅಂಗಡಿಗೆ ನೆಲ ಗುಡಿಸಲು, ಕಪಾಟು ತುಂಬಲು ಕಳಿಸಲಾಗಿತ್ತು. ಇಬ್ಬರೂ ನ್ಯಾಯಾಲಯದ ಮೆಟ್ಟಿಲೇರಿದರು.

ಕನ್ನಡದಲ್ಲಾದರೆ ಇದಕ್ಕೆ ಬಿಟ್ಟಿ ಚಾಕರಿ ಎನ್ನುತ್ತಾರೆ. ಆದರೆ ಇದು ಬಲವಂತದ ದುಡಿಮೆ ಎಂಬ ವಾದವನ್ನು ನ್ಯಾಯಾಧೀಶರು ಪುರಸ್ಕರಿಸಲಿಲ್ಲ. ಸರ್ಕಾರ ಎಡವಿದ್ದು ಬೇರೆಡೆ. ಯೋಜನೆ ಎಂಥದು, ಅದರಲ್ಲಿ ಏನೇನಿದೆ ಎಂಬುದನ್ನು ನಿಯಮಾವಳಿಯಲ್ಲಿ ವಿವರಿಸಬೇಕೆಂದು ಸಂಸತ್ತು ವಿಧಿಸಿತ್ತು. ಆ ವಿವರಣೆಯೇ ಅಲ್ಲಿರಲಿಲ್ಲ. ಕಳಿಸಿದ ನೋಟಿಸೂ ಅಸ್ಪಷ್ಟ. 2013ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮಗಳನ್ನು ರದ್ದುಪಡಿಸಿತು.

ಅಂದರೆ ಭತ್ಯೆ ಕಳೆದುಕೊಂಡ ಸಾವಿರಾರು ಜನರಿಗೆ ಹಣ ಹಿಂದಿರುಗಿಸಬೇಕು; ಸರ್ಕಾರದ ಲೆಕ್ಕದಲ್ಲಿ 13 ಕೋಟಿ ಪೌಂಡಿನವರೆಗೆ. ಸರ್ಕಾರ ಬೊಕ್ಕಸ ತೆರೆಯಲಿಲ್ಲ, ಕಾನೂನನ್ನೇ ತಿದ್ದಿತು. ಮಾರ್ಚ್‌ನಲ್ಲಿ ಎರಡೇ ವಾರದೊಳಗೆ ಅಂಗೀಕಾರಗೊಂಡ ಕಾಯ್ದೆ, ಹಳೆಯ ನಿಯಮಗಳು ಮೊದಲಿನಿಂದಲೂ ಸಿಂಧುವೆಂದು ಸಾರಿತು. ಮೊಕದ್ದಮೆ ಸೋತವನೇ ತೀರ್ಪನ್ನು ತಿದ್ದಿ ಬರೆದಂತಾಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ಮೂಲ ನಿಯಮಗಳಲ್ಲಿ ದೋಷವಿತ್ತೆಂದೇ ಹೇಳಿತು. ಹಣ ಮಾತ್ರ ಬರಲಿಲ್ಲ.

ಆಗಲೇ ಮೇಲ್ಮನವಿ ಹೂಡಿದ್ದವರ ನ್ಯಾಯಯುತ ವಿಚಾರಣೆಯ ಹಕ್ಕಿಗೆ ಈ ಕಾಯ್ದೆಯಿಂದ ಧಕ್ಕೆಯಾಯಿತೆಂದು 2014ರಲ್ಲಿ ಹೈಕೋರ್ಟ್, 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದವು. ಪರಿಹಾರದ ಆದೇಶ ಹೊರಟದ್ದು 2020ರಲ್ಲಿ. ಅದೂ, 2013ರ ಮಾರ್ಚ್‌ನಲ್ಲಿ ಮೇಲ್ಮನವಿ ಬಾಕಿಯಿದ್ದವರಿಗೆ ಮಾತ್ರ.