ಮಾವನ ಕಾರಿಗೆ ನಾಲ್ಕು ಹೋಸ್

ನಮ್ಮ ಮಾವನ ಹತ್ತಿರ ಒಂದು ಸ್ಯಾನ್ ಸ್ಟಾರ್ಮ್ ಇದೆ. ಹೆಸರು ಕೇಳದವರೇ ಹೆಚ್ಚು. ಗೋವಾದಲ್ಲಿ ತಯಾರಾದ, ಎರಡೇ ಸೀಟಿನ, ಫೈಬರ್ ಬಾಡಿಯ ಪುಟ್ಟ ಸ್ಪೋರ್ಟ್ಸ್ ಕಾರು. ಒಳಗಿರುವುದು ರೆನೋ ಕಂಪನಿಯ 1149 ಸಿಸಿ ಎಂಜಿನ್. ಚಿಕ್ಕವನಿದ್ದಾಗ ಅದರಲ್ಲಿ ಮಾವನ ಪಕ್ಕ ಕೂತು ಶಿವಮೊಗ್ಗ ಸುತ್ತಿದರೆ ನನಗೆ ಅದೇ ಜಾತ್ರೆ. ಕಳೆದ ವರ್ಷ ತೀರ್ಥಹಳ್ಳಿ ರಸ್ತೆಯಲ್ಲಿ ಬಾನೆಟ್‌ನಿಂದ ಹಬೆ ಎದ್ದಿದ್ದೇ ಕಾರು ಶೆಡ್ ಸೇರಿತು. ‘ಪಾರ್ಟ್ಸ್ ಸಿಗಲ್ಲ ಕಣೋ, ಗುಜರಿಗೆ ಹಾಕ್ತೀನಿ’ ಅಂದರು.

ಹೀಟ್ ಟ್ರಾನ್ಸ್‌ಫರ್ ಪೇಪರ್ ಚೆನ್ನಾಗಿ ಬರೆದಿದ್ದ ಧೈರ್ಯ ನನ್ನದು. ‘ಒಂದು ವಾರ ಟೈಮ್ ಕೊಡಿ ಮಾವ’ ಎಂದೆ.

ರೇಡಿಯೇಟರಿನ ಮೇಲಿನ ಹೋಸ್ ನೋಡಲು ಗಟ್ಟಿಯಾಗಿಯೇ ಇತ್ತು. ಕ್ಲಾಂಪ್ ಪಕ್ಕ ಬೆರಳಿನಿಂದ ಹಿಚುಕಿದಾಗ ಒಳಗೆ ಕರಕರ ಎಂದಿತು. ರಬ್ಬರ್ ಹೋಸ್ ಎಷ್ಟೋ ಸಲ ಒಳಗಿನಿಂದಲೇ, ಅದೂ ತುದಿಗಳ ಹತ್ತಿರ ಬಿರುಕು ಬಿಡುತ್ತದೆ. ಜೊತೆಗೆ ಮಾವ ಕೂಲಂಟ್ ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದಿದ್ದರು. ಒಳಗೆಲ್ಲ ಸುಣ್ಣದಂಥ ಪದರ.

ಹೋಸ್ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಟಕ್! ರೇಡಿಯೇಟರಿನ ಬಾಯಿಯೇ ಸೀಳಿತು. ಮಾವ ಏನೂ ಅನ್ನದೆ ಒಳಗೆ ಹೋಗಿ ಟಿವಿ ಹಾಕಿದರು. ಬೈದಿದ್ದರೇ ವಾಸಿ ಇತ್ತು.

ರೇಡಿಯೇಟರ್ ರಿಪೇರಿಯವರು ಅದನ್ನು ಸರಿಮಾಡಿ ಕೊಡುತ್ತಾ, ‘ಹಳೇ ಹೋಸ್ ಎಳೀಬಾರ್ದು ಮರಿ. ಬ್ಲೇಡಲ್ಲಿ ಉದ್ದಕ್ಕೆ ಸೀಳಿ, ಬಾಳೆಹಣ್ಣಿನ ಸಿಪ್ಪೆ ಥರ ಸುಲೀಬೇಕು’ ಎಂದರು. ನನ್ನ ಯಾವ ಪಠ್ಯದಲ್ಲೂ ಇದಿರಲಿಲ್ಲ. ಎರಡು ಹೀಟರ್ ಹೋಸ್‌ಗಳನ್ನು ಹಾಗೆಯೇ ಬಿಡಿಸಿದೆ. ಅಲ್ಲಿ ಮೀಟಿ ಹೀಟರಿನ ತೆಳು ಪೈಪ್ ಮುರಿದಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತಿತ್ತು. ಮಾವ ಆಗ ಟಿವಿಯನ್ನೂ ಹಾಕುತ್ತಿರಲಿಲ್ಲವೇನೋ.

ಹಳೆಯ ತುಂಡುಗಳನ್ನು ಚೀಲಕ್ಕೆ ತುಂಬಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಕಾರಿನ ಹೆಸರು ಹೇಳಿದರೆ ಅಂಗಡಿಯವರು ನಗುತ್ತಿದ್ದರು, ತುಂಡು ತೋರಿಸಿದರೆ ಹುಡುಕುತ್ತಿದ್ದರು. ಒಳಗಿನ ವ್ಯಾಸವೂ ಬಾಗೂ ಹೊಂದಬೇಕು. ಉದ್ದ ಹೆಚ್ಚಿದ್ದರೆ ಕತ್ತರಿಸಬಹುದು. ನೇರ ಹೋಸನ್ನೇ ಬಗ್ಗಿಸಿ ಹಾಕಿದರೆ ಮಡಚಿಕೊಂಡು ನೀರಿನ ದಾರಿ ಕಟ್ಟುತ್ತದೆ. ನಾಲ್ಕು ಅಂಗಡಿ ಸುತ್ತಿದ ಮೇಲೆ ಬೇರೆ ಬೇರೆ ಕಾರುಗಳ ಹೋಸ್‌ಗಳು ಹೊಂದಿದವು.

ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಸುರಿದು, ಒಳಗಿನ ಗಾಳಿ ಹೊರಬರಲೆಂದು ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಚಾಲೂ ಮಾಡಿದೆ. ಮಟಮಟ ಮಧ್ಯಾಹ್ನ. ಮಾವ ಬಂದು ಪಕ್ಕದ ಸೀಟಿನಲ್ಲಿ ಕೂತರು. ಇಬ್ಬರೂ ಬೆವರುತ್ತಾ ಟೆಂಪರೇಚರ್ ಮುಳ್ಳನ್ನೇ ನೋಡಿದೆವು. ಮಧ್ಯಕ್ಕೆ ಬಂದು ನಿಂತಿತು.

ಗುಜರಿಯ ಮಾತು ಸದ್ಯಕ್ಕೆ ನಿಂತಿದೆ. ಮಾವ ರಾತ್ರಿ ಕಾರಿನಡಿ ಹಳೇ ಪೇಪರ್ ಹಾಸಿ, ಬೆಳಿಗ್ಗೆ ಅದರ ಫೋಟೊ ನನಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ನಿನ್ನೆಯದೂ ಒಣಗಿಯೇ ಇತ್ತು.