ಭತ್ತ ಕೊಯ್ದ ಗದ್ದೆಗೆ ಟ್ರ್ಯಾಕ್ಟರ್ ಯಾಕೆ ಸ್ವಾಮಿ?

2015ರ ಅಕ್ಟೋಬರ್ ನೆನಪಿದೆಯಾ? ತೊಗರಿಬೇಳೆ ಕೆ.ಜಿ.ಗೆ 200 ರೂಪಾಯಿ ಮುಟ್ಟಿತ್ತು. ಚರ್ಚೆಯೆಲ್ಲ ದಿನಸಿ ಅಂಗಡಿ ಮುಂದೆಯೇ ನಡೀತು. ನಮ್ಮ ಇಡ್ಲಿ-ದೋಸೆಯ ಉದ್ದು ಇವತ್ತಿಗೂ ಮ್ಯಾನ್ಮಾರ್‌ನಿಂದ ಹಡಗಲ್ಲಿ ಬರ್ತಿದೆ. ಇತ್ತ ದೇಶದಲ್ಲಿ ಮಳೆಗಾಲದ ಭತ್ತ ಕೊಯ್ದ ಮೇಲೆ ಪಾಳು ಬೀಳೋ ಭೂಮಿ ಒಂದು ಕೋಟಿ ಹೆಕ್ಟೇರ್‌ಗೂ ಹೆಚ್ಚು. ಅದರಲ್ಲಿ ಬಹುಪಾಲು ಛತ್ತೀಸ್‌ಗಢ, ಜಾರ್ಖಂಡ್, ಒಡಿಶಾ, ಬಂಗಾಳ, ಅಸ್ಸಾಂ ಕಡೆ.

ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ ಬಿಡಿ. ಭತ್ತದ ಹಿಂದೆಯೇ ಉದ್ದು, ಹೆಸರು, ಅಲಸಂದೆ ಹಾಕಿ ರೂಢಿ ಇದೆ.

ಪ್ರಶ್ನೆ ಇರೋದು ಉಳುಮೆಯದ್ದು. ಭತ್ತಕ್ಕೆ ಅಂತ ಕೆಸರು ಮಾಡಿ ತುಳಿದ ಗದ್ದೆ ಅದು. ಮಣ್ಣಿನ ಹರಳು ಒಡೆದು ಹೋಗಿರುತ್ತೆ, ಕೆಳಗೆ ಗಟ್ಟಿ ಪದರ ಕೂತಿರುತ್ತೆ. ಕೊಯ್ಲಾದ ಮೇಲೆ ಉಳೋಣ ಅಂದ್ರೆ ಮೊದಲು ಹದ ಬರೋ ತನಕ ಕಾಯಬೇಕು. ಆಮೇಲೆ ಉತ್ತರೆ ಇಟ್ಟಿಗೆಯಂಥ ಹೆಂಟೆ ಏಳುತ್ತೆ. ಅದನ್ನ ಪುಡಿ ಮಾಡೋಕೆ ಇನ್ನೊಂದು ಸಾಲು, ಇನ್ನೊಂದಿಷ್ಟು ಡೀಸೆಲ್. ಅಷ್ಟರಲ್ಲಿ ಮಣ್ಣಲ್ಲಿದ್ದ ತೇವ ಗಾಳಿ ಪಾಲು. ನೀರಾವರಿ ಇಲ್ಲದವನಿಗೆ ಆ ತೇವವೇ ಬಂಡವಾಳ! 65-75 ದಿನದ ಉದ್ದು ಅದನ್ನೇ ನಂಬಿ ಬದುಕಬೇಕು.

ಅದಕ್ಕೇ ತಮಿಳುನಾಡಿನ ಕಾವೇರಿ ಮುಖಜ ಭೂಮಿಯ ರೈತರು ಕೊಯ್ಲಿಗೆ ವಾರ, ಹತ್ತು ದಿನ ಇರುವಾಗಲೇ ನಿಂತ ಭತ್ತದೊಳಗೆ ಉದ್ದು ಎರಚಿಬಿಡ್ತಾರೆ. ಉಳುಮೆ ಖರ್ಚು ಸೊನ್ನೆ. ಪುಕ್ಕಟೆ ಅಂತ ತಿಳೀಬೇಡಿ, ಮೊಳಕೆ ಸಮ ಬರಲ್ಲ, ಬೀಜ ಹೆಚ್ಚು ಬೇಕು, ಕಳೆ ಕಾಟ ಇದ್ದೇ ಇದೆ. ಕೊಯ್ಲಿಗೆ ದೊಡ್ಡ ಯಂತ್ರ ಇಳಿಸಿದ್ರೆ ಚಕ್ರದಡಿ ಸಸಿ ಚಟ್ನಿ. ಒಂದೆರಡು ನೀರು ಕೊಡೋ ಅನುಕೂಲ ಇರೋರು ಹಗುರಾಗಿ ಉತ್ತು ಸಾಲಲ್ಲಿ ಬಿತ್ತೋದೇ ಮೇಲು, ಬೇರು ಆಳಕ್ಕಿಳಿಯುತ್ತೆ. ನೀರಿಲ್ಲದ ಎರೆ ಗದ್ದೆಗೆ ಮಾತ್ರ ನೇಗಿಲು ತೋರಿಸಬೇಡಿ ಅಂತೀನಿ.

ಉಳದೇ ಇದ್ದ ಮೇಲೆ ಗೊಬ್ಬರ ಎಲ್ಲಿ ಸೇರಿಸ್ತೀರಿ? ಒಣಗಿದ ಮೇಲ್ಮಣ್ಣಿಗೆ ಸುರಿದ್ರೆ ಬೇರಿಗೆ ಸಿಗಲ್ಲ. ಕಾಯಿ ತುಂಬೋ ಹೊತ್ತಿಗೆ ಬೇರಿನ ಗಂಟುಗಳೂ ಸುಸ್ತಾಗಿ ಸಾರಜನಕ ಕೊಡೋದು ಕಮ್ಮಿ ಮಾಡ್ತವೆ. ಆಗ ಎಲೆ ಮೂಲಕವೇ ಉಣಿಸಬೇಕು. ಲೀಟರ್ ನೀರಿಗೆ 20 ಗ್ರಾಂ ಡಿಎಪಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ತಿಳಿ ಬಸಿದು, ಸಂಜೆ ತಂಪಲ್ಲಿ ಸಿಂಪಡಿಸೋದು. ಹೂ ಬಿಡುವಾಗ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ. ಎಕರೆಗೆ 200 ಲೀಟರ್ ಲೆಕ್ಕ ಹಿಡಿದ್ರೆ ಎರಡು ಸಲಕ್ಕೂ ಸೇರಿ 8 ಕೆ.ಜಿ. ಅಂದ್ರೆ 50 ಕೆ.ಜಿ. ಚೀಲ ಆರು ಎಕರೆಗೆ ಸಾಕು. ಗೊಬ್ಬರದ ಅಂಗಡಿ ಮುಂದೆ ಕ್ಯೂ ನಿಲ್ಲೋ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಒಂದು ಎಚ್ಚರ. ಎಲೆಯಲ್ಲಿ ಹಳದಿ ಮಚ್ಚೆ ಬಂತು ಅಂತ ಡಿಎಪಿ ಹೊಡೀತಾ ಕೂರಬೇಡಿ. ಅದು ಬಿಳಿನೊಣ ಹರಡೋ ಹಳದಿ ನಂಜು ರೋಗ ಇರಬಹುದು. ಅಂಥ ಗಿಡವನ್ನ ಕಂಡ ಕೂಡಲೇ ಕಿತ್ತು ಹೂಳಿ.